ನೀರು ಸೋರದ ಟೋಪಿ

ಟಿಟಿಕಾಕಾ ಸರೋವರದ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸರೋವರದ ನಡುವಿನ ದ್ವೀಪದ ನೆತ್ತಿಯ ಮುರುಕು ಕಲ್ಲುಗೋಡೆಯ ಗೂಡಿನಲ್ಲಿ ಮೊಬೈಲ್ ಒರಗಿಸಿಟ್ಟು, ಸೆರಾಪಿಯಾ ಯುಕ್ರಾ ಅದರೆದುರು ಕುಕ್ಕರಗಾಲಿನಲ್ಲಿ ಕೂತಿದ್ದಾಳೆ. ಸಿಗ್ನಲ್ ಸಿಗುವುದು ಇದೊಂದೇ ಜಾಗದಲ್ಲಿ. ಬೆನ್ನ ಹಿಂದೆ ಅವಳ ಕುರಿಗಳು ಮಂಜುಗಟ್ಟಿದ ಹುಲ್ಲನ್ನು ಕರಕರ ಮೇಯುತ್ತಿವೆ. ಪರದೆಯ ಮೇಲೆ ಯಾವುದೋ ದೂರದೇಶದ ಹೆಂಗಸಿನ ಕೈಗಳು ಎರಡು ಬಣ್ಣದ ಉಣ್ಣೆಯನ್ನು ಒಟ್ಟಿಗೆ ಹೆಣೆಯುತ್ತಿವೆ. ಅವಳ ಭಾಷೆ ಸೆರಾಪಿಯಾಳಿಗೆ ತಿಳಿಯುವುದಿಲ್ಲ. ದನಿ ಅಡಗಿಸಿ, ಚಿತ್ರದ ಓಟ ತಗ್ಗಿಸಿ ನೋಡುತ್ತಾಳೆ.

"ಮಾತು ಯಾಕೆ ಬೇಕು? ಬೆರಳು ಸುಳ್ಳು ಹೇಳಲ್ಲ," ಎನ್ನುತ್ತಾಳೆ, ಪರದೆಯಿಂದ ಕಣ್ಣು ಕೀಳದೆ.

ಇವತ್ತು ಭಾನುವಾರ. ಪ್ರಾರ್ಥನೆ ಮುಗಿದ ಮೇಲೆ ಊರಚೌಕದಲ್ಲಿ ಅವಳ ಟೋಪಿಗೆ ನೀರು ಹೊಯ್ಯುತ್ತಾರೆ. ಸೋರದಿದ್ದರೆ ಅದು ಊರ ಅಂಗಡಿಯಲ್ಲಿ ಮಾರಾಟಕ್ಕೆ ಕೂರಬೇಕು.

ಈ ದ್ವೀಪದಲ್ಲಿ ಮಗ್ಗ ಹೆಂಗಸರದು, ಹೆಣಿಗೆ ಗಂಡಸರದು. ಆಲೂಗಡ್ಡೆ ಹೊಲಕ್ಕೆ ಹೋಗುವಾಗಲೂ ಗಂಡಸರ ಕೈಯಲ್ಲಿ ಸೂಜಿ ಆಡುತ್ತಲೇ ಇರುತ್ತದೆ. ಮದುವೆಯಾಗುವ ಹುಡುಗ ತಾನು ಹೆಣೆದ ಟೋಪಿಯನ್ನು ಹೆಣ್ಣಿನ ಅಪ್ಪನ ಕೈಗಿಡಬೇಕು. ಆತ ಅದನ್ನು ಬಟ್ಟಲಿನ ಹಾಗೆ ಹಿಡಿದು ನೀರು ತುಂಬಿಸುತ್ತಾನೆ. ಸೋರಿತೋ, ಹೆಣ್ಣಿಲ್ಲ.

ಸೆರಾಪಿಯಾಳ ಅಪ್ಪ ಎಲುತೇರಿಯೋ ಒಂದು ಕಾಲಕ್ಕೆ ಊರಿನ ಒಳ್ಳೆಯ ಹೆಣಿಗೆಗಾರ. ಮಗಳು ಸೂಜಿ ಕೇಳಿದಾಗೆಲ್ಲ "ಮೀಸೆ ಬರಲಿ ತಾಳು" ಎಂದು ನಕ್ಕುಬಿಡುತ್ತಿದ್ದ. ಕೀಲುನೋವಿಗೆ ಅವನ ಬೆರಳು ಸೆಟೆದ ಮೇಲೆ ಸೂಜಿಗಳು ತೊಲೆಯ ಸಂದಿ ಸೇರಿದವು. ಸೈಕಲ್ ಕಡ್ಡಿಯನ್ನು ತಿಕ್ಕಿ ಮಾಡಿದ ಸೂಜಿಗಳು. ಸೈಕಲ್ಲೇ ಇಲ್ಲದ ಊರಿಗೆ ಸೈಕಲ್ಲಿನಿಂದ ಬಂದದ್ದು ಅಷ್ಟೇ. ಮಗಳು ಅವನ್ನು ಕೇಳಲಿಲ್ಲ, ತೆಗೆದುಕೊಂಡಳು. ಕಲಿಸಲು ಊರಿನ ಯಾವ ಗಂಡಸೂ ಒಪ್ಪಲಿಲ್ಲ. ಮೊಬೈಲ್ ಹಿಡಿದು ಗುಡ್ಡ ಹತ್ತಿದಳು.

ಮೊದಲ ಟೋಪಿ ಚೌಕದಲ್ಲೇ ಮಾನ ಕಳೆಯಿತು. ಹೊಯ್ದ ನೀರೆಲ್ಲ ಊರ ಅಂಗಡಿ ನೋಡಿಕೊಳ್ಳುವ ಹಿರಿಯ ಮೆಲಿಟೋನನ ಚಪ್ಪಲಿಗೆ ಇಳಿಯಿತು.

"ಇದೇನು ಟೋಪಿನಾ, ಜರಡಿನಾ?" ಎಂದ ಆತ. "ನಮ್ಮನೆಯವಳಿಗೆ ಕೊಡವ್ವ, ಗಂಜಿ ಸೋಸ್ಕೋತಾಳೆ."

ಚೌಕಕ್ಕೆ ಚೌಕವೇ ನಕ್ಕಿತು. ಸೆರಾಪಿಯಾ ಅಲ್ಲಿಂದ ಓಡಲಿಲ್ಲ. ಕಲ್ಲುಮೆಟ್ಟಿಲ ಮೇಲೆ ಕೂತು, ನಗುತ್ತಲೇ ಹೆಣೆಯುತ್ತಿದ್ದ ಗಂಡಸರನ್ನು ನೋಡಿದಳು. ಅವರ ನೂಲು ಕುತ್ತಿಗೆಯನ್ನು ಬಳಸಿ ಬರುತ್ತಿತ್ತು; ಪ್ರತಿ ಕುಣಿಕೆಯೂ ಬಿಗಿದು ಕೂರುತ್ತಿತ್ತು. ಮೊಬೈಲಿನ ಹೆಂಗಸು ನೂಲನ್ನು ಬೆರಳಿಗೆ ಸುತ್ತಿಕೊಂಡಿದ್ದಳು. ಹುಟ್ಟಿದಾಗಿನಿಂದ ಕಂಡದ್ದನ್ನು ಬಿಟ್ಟು ಇವಳು ಪರದೆಯಲ್ಲಿ ಕಂಡದ್ದನ್ನಷ್ಟೇ ಹಿಡಿದಿದ್ದಳು.

"ಬಣ್ಣ ಕೂಡಿಸೋದು ಆಯಮ್ಮ ಕಲಿಸಿದ್ಲು. ಬಿಗಿ ಮಾಡೋದು ನಮ್ಮೂರ ಗಂಡಸರು ಕಲಿಸಿದ್ರು, ಅವರಿಗೇ ಗೊತ್ತಿಲ್ದಂಗೆ," ಎಂದು ಕುತ್ತಿಗೆಯ ಮೇಲೆ ನೂಲು ಉಜ್ಜಿ ಎದ್ದ ಕೆಂಪು ಬರೆ ತೋರಿಸುತ್ತಾಳೆ. ಇವತ್ತಿನ ಟೋಪಿಯ ಚಿತ್ತಾರ ಮಾತ್ರ ಯಾರೂ ಕಲಿಸಿದ್ದಲ್ಲ. ಊರಿನ ಟೋಪಿಗಳಲ್ಲಿರುವ ಹಕ್ಕಿ, ಹೂವು ಇದರಲ್ಲಿಲ್ಲ. ಗಿಡ್ಡದಿಂದ ಎತ್ತರಕ್ಕೆ ಏರುವ ಬಿಳಿ ಗೆರೆಗಳು, ಸುತ್ತಲೂ: ಗುಡ್ಡ ಹತ್ತಿದಾಗ ಮೊಬೈಲಿನ ಮೂಲೆಯಲ್ಲಿ ಎದ್ದು ನಿಲ್ಲುವ ಸಿಗ್ನಲ್ಲು.

ಪ್ರಾರ್ಥನೆ ಮುಗಿದಿದೆ. ಚೌಕದಲ್ಲಿ ಗಂಡಸರು ಒಬ್ಬರ ಚೀಲಕ್ಕೊಬ್ಬರು ಜಗಿಯುವ ಕೋಕಾ ಎಲೆ ಹಾಕಿ ಕುಶಲ ಕೇಳುತ್ತಿದ್ದಾರೆ. ಟೋಪಿ ಹಿಡಿಯಲು ಅಪ್ಪನೇ ಮುಂದೆ ಬರುತ್ತಾನೆ. ಸೆಟೆದ ಬೆರಳುಗಳು ಮಡಚದೆ, ಅದನ್ನು ಎರಡೂ ಅಂಗೈಗಳಲ್ಲಿ ಆನಿಸಿಕೊಳ್ಳುತ್ತಾನೆ. ಮೆಲಿಟೋನ್ ತಂಬಿಗೆ ಬಗ್ಗಿಸುತ್ತಾನೆ. ಟೋಪಿ ತುಂಬುತ್ತದೆ, ಭಾರಕ್ಕೆ ಜಗ್ಗುತ್ತದೆ. ಎಲ್ಲರೂ ಕೆಳಗಿನ ಕಲ್ಲನ್ನೇ ನೋಡುತ್ತಾರೆ. ಕಲ್ಲು ಒಣಗಿಯೇ ಇದೆ.

"ಇನ್ನೂ ಸ್ವಲ್ಪ ತಾಳಿ," ಎನ್ನುತ್ತಾನೆ ಮೆಲಿಟೋನ್.

"ತಾಳೋಣ. ಬೇಕಾದ್ರೆ ಅದರೊಳಗೆ ಮೀನು ಬಿಡು," ಎನ್ನುತ್ತಾನೆ ಅಪ್ಪ.

ಈ ಸಲದ ನಗು ಮೆಲಿಟೋನನ ಕಡೆಗೆ ತಿರುಗುತ್ತದೆ. ಆತ ತಂಬಿಗೆ ಕೆಳಗಿಡುತ್ತಾನೆ. "ಆಯ್ತು, ಅಂಗಡೀಲಿ ಇಡೋಣ. ಹೆಣೆದವರ ಹೆಸರಿನ ಚೀಟಿ ಇರುತ್ತಲ್ಲ, ಅದರಲ್ಲಿ ಎಲುತೇರಿಯೋ ಅಂತ ಬರೀತೀವಿ. ಹೆಂಗಸಿನ ಹೆಸರು ಬರೆಯೋ ರೂಢಿ ಇಲ್ಲ."

"ನನ್ನ ಕೈಯಲ್ಲಿ ಚಮಚಾನೇ ನಿಲ್ಲಲ್ಲ, ಮೆಲಿಟೋನ್," ಎನ್ನುತ್ತಾನೆ ಅಪ್ಪ. "ನನ್ನ ಹೆಸರು ಹಾಕಿದ್ರೆ ದೋಣಿ ನಡೆಸೋ ಹೊರಗಿನೋರೂ ನಗ್ತಾರೆ."

ಸೆರಾಪಿಯಾ ಅಪ್ಪನ ಕೈಯಿಂದ ಟೋಪಿ ತೆಗೆದುಕೊಂಡು ನೀರು ಚೆಲ್ಲುತ್ತಾಳೆ. ತಲೆಯ ಮೇಲಿನ ಕಪ್ಪು ಶಾಲನ್ನು ಹಿಂದಕ್ಕೆ ಸರಿಸಿ, ಒದ್ದೆ ಟೋಪಿಯನ್ನು ತಲೆಗೆ ಎಳೆದುಕೊಳ್ಳುತ್ತಾಳೆ. ಈ ಚೌಕದಲ್ಲಿ ಹೆಂಗಸೊಬ್ಬಳು ಟೋಪಿ ತೊಟ್ಟದ್ದನ್ನು ಯಾರೂ ಕಂಡಿಲ್ಲ.

"ಏಯ್, ಶೀತ ಆಗುತ್ತೆ ಕಣೇ!" ಎಂದು ಯಾವುದೋ ಅಜ್ಜಿ ಕೂಗುತ್ತಾಳೆ.

"ಆಗಲಿ ಬಿಡಜ್ಜಿ," ಎನ್ನುತ್ತಾಳೆ ಸೆರಾಪಿಯಾ. ಜಡೆಗಳಿಂದ ನೀರು ತೊಟ್ಟಿಕ್ಕುತ್ತಿದೆ. "ಚೀಟಿ ಮೇಲೆ ನನ್ನ ಹೆಸರು ಬರೆಯೋದು ಅವರು ಕಲೀಲಿ. ಅಲ್ಲೀವರೆಗೂ ಇದು ನನ್ನ ತಲೆ ಮೇಲೇ ಒಣಗಲಿ."