ಒಂದೇ ಕೂಗು

ನಾನು ಟೈಲರು. ಪಾಂಡವಪುರದಿಂದ ಚಿನಕುರಳಿ ಕಡೆಗೆ ಹೋಗೋ ರೋಡಲ್ಲಿ ನಮ್ಮನೆ. ಮುಂದಿನ ರೂಮೇ ಅಂಗಡಿ. ಹಿಂದೆ ಹಿತ್ಲು, ಅದರಲ್ಲೊಂದು ಸೀಬೆಮರ, ಆಮೇಲೆ ಎದೆಮಟ್ಟದ ಗೋಡೆ. ಗೋಡೆ ಆಚೆ ಪಕ್ಕದ ಮನೆಯವರ ಹಿತ್ಲು. ಆ ಮನೇಲಿ ಗಂಡ ಹೆಂಡ್ತಿ ಇಬ್ರೇ. ಅವನು ಜಲ್ಲಿ ಸಾಗಿಸೋ ಟ್ರಾಕ್ಟರು ಓಡಿಸ್ತಿದ್ದ. ಆಯಮ್ಮ ಒಂದು ಗಿಣಿ ಸಾಕಿದ್ಲು. ರೆಕ್ಕೆ ಕತ್ತರಿಸಿದ ಗಿಣಿ, ಹಾರಾಕಾಗ್ತಿರ್ಲಿಲ್ಲ.

ಆಯಮ್ಮನಿಗೆ ಏನಾರ ಬೇಕಾದ್ರೆ ಗೋಡೆ ಹತ್ರ ನಿಂತು "ಅಕ್ಕಾ, ಒಸಿ ಬಾ ಇಲ್ಲಿ" ಅಂತ ನನ್ನ ಹೆಂಡ್ತೀನ ಕೂಗೋಳು. ಗಿಣಿ ಅದನ್ನ ಕಲ್ತುಬುಡ್ತು. ಅದೇ ಗಂಟ್ಲು. ಕೊನೇಲಿ 'ಇಲ್ಲಿ' ಅನ್ನೋದನ್ನ ಒಸಿ ಎಳೆಯೋದೂ ಅಂಗೇ. ನನ್ನ ಹೆಂಡ್ತಿ ಒಲೆ ಮೇಲಿನ ಎಸರು ಬುಟ್ಟು ಓಡೋಗೋಳು, ನೋಡಿದ್ರೆ ಗಿಣಿ. ಆಯಮ್ಮ ಹೊಟ್ಟೆ ಹಿಡ್ಕೊಂಡು ನಗೋಳು. "ಗಿಣಿಗೂ ಓಗೊಡ್ತೀಯಲ್ಲಕ್ಕ, ನಿನ್ನಂತೋಳು ಸಿಕ್ರೆ ದೆವ್ವಕ್ಕೆ ಹಬ್ಬ ಕಣಕ್ಕ."

ದೆವ್ವ ಅಂದಿದ್ದು ಯಾಕಂದ್ರೆ, ನಮ್ಮ ಕಡೆ ಒಂದು ನಂಬಿಕೆ ಅದೆ. ಒಂದೇ ಕೂಗಿಗೆ ಓ ಅನ್ನಬಾರ್ದು. ದೆವ್ವ ಆದ್ರೆ ಒಂದೇ ಸಲ ಕೂಗೋದು, ಮನುಷ್ಯರಾದ್ರೆ ಮೂರು ಸಲವಾದ್ರೂ ಕೂಗ್ತಾರೆ ಅಂತ. ನಮ್ಮವ್ವ ಸಾಯೋಗಂಟ ಮೂರನೇ ಕೂಗಿಗೇ ಓ ಅಂದೋಳು. ಹೆಂಡ್ತಿ ಅದನ್ನೇ ಹಿಡ್ಕೊಂಡು ಆಯಮ್ಮನ ಹತ್ರ ಕರಾರು ಮಾಡ್ಕೊಂಡ್ಲು. ಬೇಕಾದ್ರೆ ಮೂರು ಸಲ ಕೂಗು, ಒಂದಕ್ಕೆ ನಾನು ಬರಾಕಿಲ್ಲ, ಅದು ಗಿಣೀದು ಅಂದ್ಕತೀನಿ ಅಂದ್ಲು. ನಗ್ತಾ ಮಾಡಿದ ಕರಾರು. ಅಂಗೇ ನಡೀತಿತ್ತು. ಒಂದು ಕೂಗಾದ್ರೆ ಗಿಣಿ, ಮೂರಾದ್ರೆ ಆಯಮ್ಮ.

ಒಂದಿನ ಮಧ್ಯಾಹ್ನ ಒಂದೇ ಕೂಗು ಬಂತಂತೆ. ನಾನು ಮಿಷನ್ ತುಳೀತಿದ್ದೆ, ನನಗೆ ಕೇಳಿಸ್ಲಿಲ್ಲ. ಹೆಂಡ್ತಿ ಅಕ್ಕಿ ಆರಿಸ್ತಾ ಕೂತಿದ್ದೋಳು ಇನ್ನೊಂದು ಕೂಗಿಗೆ ಕಾದ್ಲು. ಬರ್ಲಿಲ್ಲ. ಗಿಣಿ ಅಂದ್ಕೊಂಡು ಸುಮ್ಕಾದ್ಲು. ಸಂಜೆ ಗಂಡ ಬಂದು ನೋಡಿದ್ರೆ, ಆಯಮ್ಮ ಬಟ್ಟೆ ಒಗೆಯೋ ಕಲ್ಲಿಗೆ ಒರಗಿ ಕೂತಂಗೇ ಹೋಗ್ಬುಟ್ಟಿದ್ಲು. ಎದೆ ನಿಂತೋಗದೆ ಅಂದ್ರು ಡಾಕ್ಟ್ರು. ಆ ಕಲ್ಲು ನಮ್ಮ ಗೋಡೆ ಪಕ್ಕದಲ್ಲೇ ಅದೆ.

ಆ ಕೂಗು ಯಾರದ್ದು ಅಂತ ಗೊತ್ತಿರೋದು ಗಿಣಿ ಒಂದಕ್ಕೇ.

"ಗಿಣೀದೇ ಅಲ್ವಾ?" ಅಂತ ಹೆಂಡ್ತಿ ಕೇಳೋಳು. ಗಿಣೀದೇ ಕಣೇ ಅಂತಿದ್ದೆ. ಇನ್ನೊಂದು ಗಳಿಗೆಗೆ ಮತ್ತೆ ಅದನ್ನೇ ಕೇಳೋಳು.

ತಿಥಿ ಕಳೆದ ಮೇಲೆ ಆಯಮ್ಮನ ಗಂಡ ಗಿಣಿ ಕಡೆ ತಿರುಗೂ ನೋಡ್ಲಿಲ್ಲ. ಪಂಜರದ ಬಟ್ಲು ಒಣಗೋಗಿತ್ತು. ಅದು ತಂತಿ ಬಗ್ಗಿಸ್ಕೊಂಡು ಆಚೆ ಬಂದು, ಗೋಡೆ ಮೇಲೆ ನಡ್ಕೊಂಡೇ ನಮ್ಮ ಸೀಬೆಮರ ಸೇರ್ಕೊಂಡ್ಬುಡ್ತು. ಎದೆ ಮೇಲಿನ ಪುಕ್ಕ ತಾನೇ ಕಿತ್ಕೊಂಡಿತ್ತು, ಬರೀ ಚರ್ಮ. ಎಲೆ ನಡುವೆ ಕೂತ್ರೆ ಕಣ್ಣಿಗೆ ಬೀಳ್ತಿರ್ಲಿಲ್ಲ. ಯಾರೂ ಕಾಣದ ಮರದಿಂದ ಸತ್ತೋಳ ಗಂಟ್ಲು ಬರೋದು. ಹತ್ರದ ಕಲ್ಲು ಕ್ವಾರೀಲಿ ಬಂಡೆಗಿಟ್ಟ ಮದ್ದು ಸಿಡಿದಾಗ ಮಾತ್ರ ಸುಮ್ಕಾಗೋದು. ಅದು ಇನ್ನೂ ಕಷ್ಟ, ಮತ್ತೆ ಯಾವಾಗ ಕೂಗ್ತದೋ ಅಂತ ಕಿವಿ ಅಲ್ಲೇ ಇರೋದು. ಹೆಂಡ್ತಿ ಹಿತ್ಲ ಬಾಗ್ಲು ಹಾಕಿದೋಳು ತೆಗೀಲೇ ಇಲ್ಲ. ತಟ್ಟೇಲಿ ಹಾಕಿದ ಮುದ್ದೆ ಅಂಗೇ ಇರೋದು. ನಾಕು ಮಾತಾಡಿದ್ರೆ ಒಂದಕ್ಕೆ ಉತ್ರ. ಇವಳೂ ನನ್ನ ಕೈ ತಪ್ಪೋಗ್ತಾಳೆ ಅನ್ನಿಸ್ತು.

ಅವನ ಹತ್ರ ಹೋದೆ. ಟ್ರಾಕ್ಟರು ತೊಳೀತಿದ್ದ.

"ಲೇ, ನಿನ್ ಗಿಣಿ ನಮ್ ಮರದಲ್ಲದೆ. ಕೂಳು ನೀರಿಲ್ದೆ ಸಾಯ್ತದೆ ಕಣ್ಲಾ, ತಗೊಂಡೋಗು."

"ಸಾಯ್ಲಿ ಬುಡಣ್ಣ" ಅಂದ. ಪೈಪು ಕೆಳಕ್ಕೆ ಹಾಕಿದ. "ಬೆಳಿಗ್ಗೆ ಎದ್ದೇಟಿಗೆ ಅವಳೇ ಕೂಗ್ದಂಗೆ ಕೂಗ್ತದೆ. ಎಂಗಣ್ಣ ಒಳಗಿರ್ಲಿ?"

ಆಮೇಲೆ ಕೇಳಿದ. "ಅವತ್ತು ಅತ್ಗೆಮ್ಮ ಏನಾರ ಕೇಳಿಸ್ಕೊಂಡ್ರಾ?"

ಮಿಷನ್ ಸದ್ದಲ್ಲಿ ನನಗೇನೂ ಕೇಳಿಸ್ಲಿಲ್ಲ ಕಣಪ್ಪ ಅಂದೆ. ಅವನು ಕೇಳಿದ್ದು ನನ್ನ ಹೆಂಡ್ತಿ ವಿಷಯ, ನಾನು ಹೇಳಿದ್ದು ನಂದು. ಅದು ಇಬ್ರಿಗೂ ಗೊತ್ತಾಯ್ತು. ಪೈಪಿನ ನೀರು ನಮ್ಮಿಬ್ರ ಕಾಲ ಹತ್ರ ಹರೀತಾ ಇತ್ತು. ಅವನು ಮತ್ತೆ ಕೇಳ್ಲಿಲ್ಲ. ಸ್ವಲ್ಪ ದಿನಕ್ಕೇ ಮನೆಗೆ ಬೀಗ ಹಾಕಿ ದೇವಲಾಪುರದ ತಂಗಿ ಮನೆ ಸೇರ್ಕೊಂಡ.

ಗಿಣಿ ಹಿಡಿದು ಫಾರೆಸ್ಟ್‌ನೋರಿಗೆ ಕೊಟ್ಬುಡಾಣ ಅಂತ ಒಂದಿನ ಗೋಣಿಚೀಲ ತಗೊಂಡು ಹಿತ್ಲ ಬಾಗ್ಲು ತೆಗೆದೆ. ಹೆಂಡ್ತಿ ಹಿಂದೇನೇ ಬಂದು ಚೀಲ ಕಿತ್ಕೊಂಡ್ಲು.

"ಬ್ಯಾಡಿ. ಇಷ್ಟು ದಿನದಿಂದ ಕೂಗ್ತಾನೇ ಅದೆ. ಒಬ್ರೂ ಓ ಅಂದಿಲ್ಲ."

ತೆಂಗಿನ ಚಿಪ್ಪಲ್ಲಿ ನೀರು ತುಂಬಿದ್ಲು, ಎರಡು ಹಸಿ ಮೆಣಸಿನಕಾಯಿ ತಗೊಂಡ್ಲು, ಹೊಸ್ಲು ಮೇಲೆ ನಿಂತ್ಲು. ಮರದಿಂದ ಕೂಗು ಬಂತು. ಆ ಒಂದೇ ಕೂಗಿಗೆ ಇವಳು "ಓ, ಬಂದೆ" ಅಂದ್ಲು.

ಆವತ್ತಿಂದ ಎಷ್ಟು ಸಲ ಕೂಗಿದ್ರೂ ಓ, ಬಂದೆ. ಕೈಗೆ ಹಿಟ್ಟು ಮೆತ್ಕೊಂಡಿದ್ರೂ ಎದ್ದೋಗೋಳು. ಗಿಣಿ ಎದೇಲಿ ಪುಕ್ಕ ಬಂತು. ಹೆಂಡ್ತೀನೂ ಉಣ್ಣಾಕೆ ಶುರು ಮಾಡಿದ್ಲು. ಬರ್ತಾ ಬರ್ತಾ ಆಯಮ್ಮನ ಕೂಗು ಕಮ್ಮಿ ಆಗಿ, ಆಮೇಲೆ ಕೇಳಿಸ್ಲೇ ಇಲ್ಲ. ಸದ್ಯ ಮುಗೀತು ಅಂದ್ಕೊಂಡೆ.

ಒಂದು ಬೆಳಿಗ್ಗೆ ಹೆಂಡ್ತಿ ನನ್ನ ಎದುರಿಗೆ ಕೂತು ಒಂದು ಶರ್ಟಿಗೆ ಕಾಜ ಹಾಕ್ತಿದ್ಲು. ತುಟಿ ಮುಚ್ಚೇ ಇತ್ತು, ನಾನು ನೋಡ್ತಾನೇ ಇದ್ದೆ. ಹಿತ್ಲಿಂದ ಅವಳದೇ ಗಂಟ್ಲು ಬಂತು.

"ಓ, ಬಂದೆ."

ಅವಳು ಸೂಜಿ ನಿಲ್ಲಿಸಿದ್ಲು. "ಯಾರು ಕೂಗಿದ್ರು?" ಅಂದ್ಲು ಮೆಲ್ಲಗೆ.

ಯಾರೂ ಕೂಗಿರ್ಲಿಲ್ಲ.

ಈಗ ದಿನಾ ಅದನ್ನೇ ಹೇಳ್ತದೆ. ಆಯಮ್ಮನ ಕೂಗಿಗೆ ಓ ಅನ್ನೋರು ಒಬ್ರಿದ್ದಾರೆ ಅಂತ ಹೆಂಡ್ತಿಗೆ ಅದ್ರಿಂದ ಒಂಥರಾ ಸಮಾಧಾನ, ನನಗಿಲ್ಲ. ನಾನು ಮಿಷನ್ ಮೇಲಿಂದ ಅವಳನ್ನ ಕೂಗಿದ್ರೆ ಹಿಂದಿನಿಂದ ಓ, ಬಂದೆ ಅಂತ ತಕ್ಷಣ ಬರ್ತದೆ. ಯಾರು ಅಂದಿದ್ದು ಅಂತ ಗೊತ್ತಾಗಾಕಿಲ್ಲ. ಕೂತ್ಕೊಂಡು ಕಾಯಾಕೆ ನನ್ನ ಕೈಲಿ ಆಗಾಕಿಲ್ಲ. ಬಟ್ಟೆ ಅರ್ಧಕ್ಕೇ ಬುಟ್ಟು, ಎದ್ದೋಗಿ, ಅವಳ ಮುಖ ನೋಡ್ಕೊಂಡು ಬರ್ತೀನಿ.