ಟೈರಿನ ಗೀರಿನಲ್ಲೊಂದು ನಾಣ್ಯ

ಸೆಕೆಂಡ್ ಹ್ಯಾಂಡಲ್ಲಿ ಕೊಂಡ ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ ದಿನಾ ಶಾಲೆಗೆ ಹೋಗುವ ಮೇಷ್ಟ್ರು ಗಂಟೆಗೆ ನಲವತ್ತು ಕಿಲೋಮೀಟರ್ ದಾಟಿದ್ದನ್ನು ಕಂಡವರಿಲ್ಲ. ಆದರೂ ಒಂದು ತಿಂಗಳಿಂದ ಪ್ರತಿ ಸಂಜೆ ಟೈರ್ ಅಂಗಡಿಗೆ ಹಾಜರು. ಹೊಸ ಟೈರಿನ ಗೀರಿಗೆ ನಾಣ್ಯ ತೂರಿಸಿ ಆಳ ನೋಡುತ್ತಾರೆ, ರಬ್ಬರಿಗೆ ಉಗುರೊತ್ತುತ್ತಾರೆ, ಕಲ್ಲಂಗಡಿಯಂತೆ ತಟ್ಟಿ ಕಿವಿಗೊಡುತ್ತಾರೆ. ಅಗ್ಗದ್ದು ತೋರಿಸಿದರೆ, "ಒದ್ದೆ ರಸ್ತೇಲಿ ಜಾರಲ್ಲ ತಾನೆ?" ದುಬಾರಿಯದು ತೋರಿಸಿದರೆ, "ಇದಕ್ಕೆ ಬಡ ತಮ್ಮ ಯಾರೂ ಇಲ್ವಾ?" ನಿನ್ನೆ ಅಂಗಡಿಯವನಿಗೂ ಸಾಕಾಯಿತು. "ನೀವು ಹೋಗೋ ಸ್ಪೀಡಿಗೆ ಸವೆದ ಟೈರೇ ಇನ್ನೂ ಹತ್ತು ವರ್ಷ ಬರುತ್ತೆ, ಮೇಷ್ಟ್ರೇ," ಎಂದ. ಮೇಷ್ಟ್ರು ನಗಲಿಲ್ಲ. "ಸೋಮವಾರದಿಂದ ಮಗಳು ಓಡಿಸ್ತಾಳಪ್ಪ. ಅವಳಿಗೆ ಬ್ರೇಕು ನೆನಪಾಗೋದೇ ತಿರುವು ಬಂದ್ಮೇಲೆ," ಎಂದರು. ಅಂಗಡಿಯವನು ಅವರ ಕೈಯಿಂದ ನಾಣ್ಯ ಇಸಿದುಕೊಂಡು, ತಾನೇ ಟೈರುಗಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ.