ಮೂವತ್ತಾರು ಬದನೆ ಗಿಡಗಳ ವಹಿ

ಆ ಆರು ಕೆಂಪು ನೂಲುಗಳನ್ನು ಬಿಚ್ಚಿ ಎಸೆದವನು ನಾನೇ. ಯಾರೂ ಬಿಚ್ಚು ಅಂದಿರಲಿಲ್ಲ. ಬಿಚ್ಚಬೇಡ ಅಂತ ಅವ್ವ ಎರಡು ಸಲ ಹೇಳಿದ್ದಳು. ಜಾಣತನ ತೋರಿಸಲು ಹೋಗಿ ಕೆಡುವ ಮೂರ್ಖರಲ್ಲಿ ನಮ್ಮ ಓಣಿಗೆ ನಾನೇ ಮೊದಲ ನಂಬರು.

ಕಮತಗಿಯ ಆಯಿ, ಅಂದರೆ ಅವ್ವನ ತಾಯಿ, ಕಳೆದ ಚಳಿಗಾಲ ತೀರಿಕೊಂಡಳು. ಅವಳ ಅಡಿಗೆಮನೆಯ ಗೋಡೆಮಾಡದಲ್ಲಿ ಬೂದಿಯಲ್ಲಿ ಹೊರಳಿಸಿ, ಅರಿವೆಯಲ್ಲಿ ಕಟ್ಟಿಟ್ಟ ಒಂದು ಚಿಟಿಕೆ ಬದನೆ ಬೀಜ ಸಿಕ್ಕಿತು. ಹಸಿರು ಮೈಮೇಲೆ ಬಿಳಿ ಗೆರೆಯ ಆ ಬದನೆಯನ್ನು ಆಯಿಯ ಹಿತ್ತಲು ಬಿಟ್ಟರೆ ನಾವು ಎಲ್ಲೂ ಕಂಡವರಲ್ಲ. ಅವ್ವ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಇಳಕಲ್ಲಿನ ನಮ್ಮ ಹಿತ್ತಲಿಗೆ ತಂದು ಅಷ್ಟೂ ಬಿತ್ತಿದಳು. ಮೇಲೆದ್ದದ್ದು ಆರೇ ಸಸಿ. ಅಂಗಡಿ ಬೀಜದ ಮೂವತ್ತು ಸಸಿಗಳ ನಡುವೆ, ಜಾಗ ಸಿಕ್ಕಲ್ಲಿ ಅವನ್ನು ನೆಟ್ಟು, ಗುರುತಿಗೆ ಮಗ್ಗದಲ್ಲಿ ಉಳಿದ ಕೆಂಪು ನೂಲು ಕಟ್ಟಿದಳು.

"ಏನವ್ವಾ, ಬದನಿಗಿಡಕ್ಕ ಉಡದಾರ ಕಟ್ಟೀಯಲ್ಲ? ನಾ ವಹಿಯೊಳಗ ಬರದಿಡ್ತೇನಿ. ನನ್ನ ಸಾಲಿ ಕಲಿಸಿದ್ದು ಯಾತಕ್ಕ?"

"ಬರಿ. ಆದ್ರ ನೂಲು ಇರ್ಲಿ. ಬಿಚ್ಚಬ್ಯಾಡ."

ಬರೆದೆ. ಆಯಿಯ ಆರು ಸಸಿಗಳಿಗೆ, ಅವು ನಿಂತ ಭಂಗಿ ನೋಡಿ, ನಮ್ಮ ಬಳಗದವರ, ಓಣಿಯವರ ಒಂದೊಂದು ಹೆಸರಿಟ್ಟೆ. ಸೊಂಟ ಹಿಡಿದು ನಿಂತ ದೊಡ್ಡಪ್ಪ. ಮಾತಿಗೆ ಮುಂಚೆ ಕೆಮ್ಮುವ ಮಾಸ್ತರ. ಫೋಟೊಕ್ಕೆ ಕತ್ತು ಓರೆ ಮಾಡುವ ಅತ್ತಿ. ಸಾಲು ಯಾವುದು, ಎಷ್ಟನೆಯದು ಎಂಬುದನ್ನು ಬರೆಯಲಿಲ್ಲ. ಇಷ್ಟು ಚಂದದ ಚಿತ್ರ ಇರುವಾಗ ಲೆಕ್ಕ ಯಾಕೆ? ಅವರವರ ದನಿಯಲ್ಲೇ ವಹಿ ಓದಿ ತೋರಿಸಿದೆ. ಆಯಿ ಹೋದ ಮೇಲೆ ಅವ್ವ ನಕ್ಕದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ನಗೆಯೇ ನನ್ನ ತಲೆಗೇರಿತು. "ಇನ್ನು ನೂಲು ಬ್ಯಾಡವ್ವಾ," ಎಂದೆ. "ಇರ್ಲಿ ಬಿಡೋ, ಬಿಚ್ಚಬ್ಯಾಡ," ಅನ್ನುತ್ತಲೇ ಅವಳು ಒಳಗೆ ಹೋದಳು. ನಾನು ಬಿಚ್ಚಿದೆ.

ಬಿಸಿಲು ಏರಿತು. ನಲ್ಲಿ ನೀರು ಎಂಟು ದಿನಕ್ಕೊಮ್ಮೆ ಆಯಿತು. ಹಿತ್ತಲಿಗೆ ಬಿಡಬಹುದಾದದ್ದು ದಿನಕ್ಕೆ ಎರಡು ಕೊಡ.

"ಉಳದವು ಒಣಗಿದ್ರ ಒಣಗ್ಲಿ," ಎಂದಳು ಅವ್ವ. "ನಮ್ಮವ್ವನ ಆರು ಯಾವು, ತೋರ್ಸು. ಬೀಜಕ್ಕ ಒಂದ ಕಾಯಿ ಹಣ್ಣಾದ್ರ ಸಾಕು."

ವಹಿ ಹಿಡಿದು ಹಿತ್ತಲಿಗೆ ಹೋದೆ. ಬಿಸಿಲಿಗೆ ಮೂವತ್ತಾರೂ ಗಿಡಗಳು ಸೊಂಟ ಹಿಡಿದು ನಿಂತಿದ್ದವು. ಎಲ್ಲವೂ ದೊಡ್ಡಪ್ಪ!

ಎಲೆ ಮೂಸಿದೆ, ಮುಳ್ಳು ಎಣಿಸಿದೆ. ಫೋನಿನಲ್ಲಿ ಫೋಟೊ ಹುಡುಕಿದೆ, ಒಂದಿತ್ತು. ಅದರಲ್ಲಿ ಮುಕ್ಕಾಲು ಭಾಗ ನನ್ನ ಮುಖ, ಕಿವಿಯ ಹಿಂದೆ ಎರಡು ಎಲೆ. ಮಣ್ಣಲ್ಲಿ ಮಂಡಿಯೂರಿ ನೂಲಿನ ತುಂಡು ಹುಡುಕಿದೆ. ಸಿಕ್ಕ ಒಂದು ಕೆಂಪು ಎಳೆ ಬೇಲಿಯ ಮುಳ್ಳಿಗೆ ಅಂಟಿಕೊಂಡಿತ್ತು. ಬೇಲಿಗೂ ಬದನೆಗೂ ಏನು ಸಂಬಂಧ? ಅವ್ವ ಬಾಗಿಲಲ್ಲಿ ಕೊಡ ಹಿಡಿದು ನಿಂತೇ ಇದ್ದಳು.

ಮೂರು ದಿನ ಎಲ್ಲಕ್ಕೂ ಹಂಚಿ ಹಾಕಿದೆವು. ಎಲ್ಲವೂ ಬಾಡಿದವು. ನಾಲ್ಕನೆಯ ದಿನ ಬರೀ ಅಂದಾಜಿನ ಮೇಲೆ ಆರು ಗಿಡ ತೋರಿಸಿದೆ. "ಖರೆ ಇವ ಏನು?" ಎಂದಳು. "ಇವ" ಎಂದೆ. ಆ ದನಿಯೂ ನನ್ನದಾಗಿರಲಿಲ್ಲ. ತಪ್ಪೇ ಮಾಡದವರ ದನಿಯನ್ನು ಎರವಲು ತಂದಿದ್ದೆ.

ಅವ್ವ ಎರಡು ಕೊಡವನ್ನೂ ಆ ಆರಕ್ಕೇ ಸುರಿಯತೊಡಗಿದಳು. ನಾನು ಸ್ನಾನ ಬಿಟ್ಟು ನನ್ನ ಪಾಲಿನ ನೀರನ್ನೂ ಸುರಿದೆ. ಊರನ್ನೆಲ್ಲ ಅಣಕಿಸುವ ನಾನು ಬದನೆ ಗಿಡಕ್ಕೆ ಕೈಮುಗಿದೆ. ಮೂವತ್ತು ಗಿಡಗಳು ಒಣಗಿ ಕಡ್ಡಿಯಾದವು.

ಐದು ಗಿಡಗಳಿಗೆ ಮೊದಲು ಕಾಯಿ ಬಂತು. ಐದೂ ಅಂಗಡಿಯ ನೇರಳೆ. ಆರನೆಯದು ತಡವಾಗಿ ಹೂ ಬಿಟ್ಟಿತು. ಅವ್ವ ಮುಂಜಾನೆ ಎದ್ದವಳೇ ಅದರ ಬುಡದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಒಂದು ಮುಂಜಾನೆ ಹೂ ಉದುರಿ, ತೊಟ್ಟಿನೊಳಗಿಂದ ಕಾಳಿನಷ್ಟು ಕಾಯಿ ಇಣುಕಿತ್ತು. ಅದೂ ನೇರಳೆ.

ಅವ್ವ ಏಳಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ದಿಕ್ಕು ತೋಚಲಿಲ್ಲ. ನನಗೆ ಬರುತ್ತಿದ್ದ ವಿದ್ಯೆ ಅಣಕವೊಂದೇ. ಹಲ್ಲಿಲ್ಲದ ಆಯಿಯ ದನಿಯನ್ನು, ಉಸಿರು ಸೋರುವುದೂ ಸೇರಿ, ಹಾಗೇ ತೆಗೆದೆ: "ಹೋಗ್ಲಿ ಬಿಡ ಮಗಳ, ಒಂದ ಬದನಿಕಾಯಿಗ್ಯಾಕ ಅಳತಿ?"

ಅವ್ವ ತಲೆಯೆತ್ತಿ ನನ್ನನ್ನೇ ನೋಡಿದಳು.

"ನಮ್ಮವ್ವನ ದನಿ ನಿನ್ನ ಬಾಯಾಗ ಐತಿ, ಖರೆ. ಆಕಿ ಬದನಿ ಎಲ್ಲೈತಿ?"